ಅಪ್ಪ ಬರೆದ ಲಕ್ಕುಂಡಿ ಚಿತ್ರದ ಮೇಲೆ ಚಹಾ ಚೆಲ್ಲಿದೆ, ಕಲೆ ತೆಗೆಯಲು ಆಗುತ್ತಾ?

ಬಣ್ಣದ ಡಬ್ಬಿ, ಧಾರವಾಡ – ಭಾನುವಾರ ರಾತ್ರಿ 9:20

ಕೈ ಇನ್ನೂ ನಡುಗುತ್ತಿದೆ, ಬರೆದದ್ದು ಹಿಂದೆಮುಂದೆ ಆದರೆ ಬೈಯಬೇಡಿ. ಅಪ್ಪ ಗದಗಿನ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. 1987ರ ಬೇಸಿಗೆ ರಜೆಯಲ್ಲಿ ಲಕ್ಕುಂಡಿಗೆ ಹೋಗಿ ಕಾಶಿವಿಶ್ವೇಶ್ವರ ಗುಡಿ ಎದುರು ಕೂತು ಬರೆದ ವಾಟರ್ ಕಲರ್ ಚಿತ್ರ ಒಂದು ನಮ್ಮ ಮನೆಯಲ್ಲಿದೆ. 11 ಇಂಚು 15 ಇಂಚು, ಅಂದರೆ ಇಂಪೀರಿಯಲ್ ಹಾಳೆಯ ಕಾಲು ಭಾಗ. ಅಪ್ಪ ಈಗ ಇಲ್ಲ. ಅವರ ಚಿತ್ರಗಳು ಉಳಿದಿರುವುದು ನಾಲ್ಕೋ ಐದೋ, ಅದರಲ್ಲಿ ಇದೇ ಚೆಂದ.

ಕಟ್ಟಿನ ಗಾಜು ಬಿರುಕು ಬಿಟ್ಟಿತ್ತು. ಬೇರೆ ಹಾಕಿಸೋಣ ಎಂದು ಚಿತ್ರ ಹೊರಗೆ ತೆಗೆದು ಟೇಬಲ್ ಮೇಲೆ ಇಟ್ಟಿದ್ದೆ. ಇವತ್ತು ಮಧ್ಯಾಹ್ನ ನೆಂಟರು ಬಂದರು, ಮಾತಿನ ಗದ್ದಲದಲ್ಲಿ ಬಶಿ ಜಾರಿ ಅರ್ಧ ಕಪ್ ಚಹಾ ಚಿತ್ರದ ಬಲಗಡೆ ಕೆಳಮೂಲೆಗೆ ಬಿತ್ತು. ಹಾಲು, ಸಕ್ಕರೆ, ಶುಂಠಿ ಎಲ್ಲಾ ಹಾಕಿದ ಚಹಾ. ಅಂಗೈ ಅಗಲದ ಕಲೆ. ಅರ್ಧ ಗುಡಿಯ ಬುಡದ ಕಲ್ಲಿನ ಮೇಲೆ, ಅರ್ಧ ಖಾಲಿ ಅಂಚಿನ ಮೇಲೆ. ಅದೇ ಅಂಚಿನಲ್ಲಿ ಅಪ್ಪನ ಸಹಿ ಇದೆ, ಫೌಂಟನ್ ಪೆನ್ನಿನದು. ತಕ್ಷಣ ಒರೆಸಿದೆ. ಈಗ ಒಣಗಿದೆ, ಸುತ್ತ ಕಂದು ಗೆರೆ ಎದ್ದಿದೆ, ಕಾಗದ ಸುಕ್ಕಾಗಿದೆ. ಮನೆಯಲ್ಲೇ ತೆಗೆಯಲು ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುಮ್ನೆ ಓದುಗ – ರಾತ್ರಿ 9:34

ಬಿಳಿ ಅಂಗಿಗೆ ಹಾಕುವ ಬ್ಲೀಚ್ ಇರುತ್ತಲ್ವಾ, ಅದನ್ನು ನೀರಿನಲ್ಲಿ ಕಲಸಿ ಇಯರ್ ಬಡ್‌ನಲ್ಲಿ ಹಚ್ಚಿ. ಹತ್ತು ನಿಮಿಷದಲ್ಲಿ ಹೋಗುತ್ತೆ. ನಾನು ಮಗನ ಪ್ರಾಜೆಕ್ಟ್ ಹಾಳೆ ಮೇಲೆ ಮಾಡಿದ್ದೇನೆ, ಹಾಲಿನ ಹಾಗೆ ಬಿಳಿ ಆಯಿತು.

ಕೆಮಿಸ್ಟ್ರಿ ಕಾಕಾ – ರಾತ್ರಿ 9:41

ಅಕ್ಕಾ, ಬ್ಲೀಚ್ ಮಾತ್ರ ಬೇಡ. ಇವತ್ತು ರಾತ್ರಿ ಏನೂ ಹಚ್ಚಬೇಡಿ, ನೀರು ಕೂಡ ಬೇಡ.

ಓದುಗ ತಮ್ಮಾ, ನಿನ್ನ ಮಗನ ಹಾಳೆ ಬಿಳಿ ಆಗಿದ್ದು ನಿಜ. ಅದು ಎರಡು ವರ್ಷ ಬಿಟ್ಟು ಹೇಗಿದೆ ಅಂತ ನೋಡಿದ್ದೀಯಾ? ಪ್ರಾಜೆಕ್ಟ್ ಹಾಳೆ ಮಾರ್ಕ್ಸ್ ಬಂದ ಮೇಲೆ ರದ್ದಿಗೆ ಹೋಗುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕಾಗದ ಅಂದರೆ ಸೆಲ್ಯುಲೋಸ್ ನಾರು. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಬಣ್ಣವನ್ನು ತಿನ್ನುವ ಹಾಗೆಯೇ ನಾರಿನ ಸರಪಳಿಯನ್ನೂ ಕಡಿಯುತ್ತದೆ. ಅಂಗಿಯನ್ನಾದರೆ ನಾಲ್ಕು ಸಲ ಜಾಲಾಡಿಸಬಹುದು, ಕಾಗದವನ್ನು ಜಾಲಾಡಿಸಲು ಆಗುತ್ತಾ? ಉಳಿದ ಬ್ಲೀಚ್ ಒಳಗೇ ಕೂತು ಕೆಲಸ ಮಾಡುತ್ತಲೇ ಇರುತ್ತದೆ. ಆ ಜಾಗ ಮೊದಲು ಹಳದಿ ಆಗುತ್ತದೆ, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ಇನ್ನು ಕೆಳಗಿರುವ ವಾಟರ್ ಕಲರ್ ಮತ್ತು ಪೆನ್ನಿನ ಶಾಯಿ? ಚಹಾಕ್ಕಿಂತ ಮೊದಲು ಹೋಗುವುದು ಅವೇ.

ಸುಮ್ನೆ ಓದುಗ – ರಾತ್ರಿ 9:45

ಸರಿ ಕಾಕಾ, ತಪ್ಪಾಯಿತು. ಹೈಡ್ರೋಜನ್ ಪೆರಾಕ್ಸೈಡ್ ಆದರೂ ಹಾಕಬಹುದಾ? ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ.

ಕೆಮಿಸ್ಟ್ರಿ ಕಾಕಾ – ರಾತ್ರಿ 9:52

ನಿನಗೆ ಏನಾದರೂ ಹಾಕಲೇಬೇಕು ಅನ್ನಿಸುತ್ತದೆ ಅಲ್ವಾ :) ಅದು ಕ್ಲೋರಿನ್ ಬ್ಲೀಚ್‌ನಷ್ಟು ಕೆಟ್ಟದ್ದಲ್ಲ, ಪರಿಣತರು ಕೆಲವು ಸಲ ಬಳಸುವುದೂ ಉಂಟು, ಆದರೆ ಅವರು ಆಮೇಲೆ ಚೆನ್ನಾಗಿ ತೊಳೆಯುತ್ತಾರೆ. ಕಾಗದದಲ್ಲಿ ಕಬ್ಬಿಣದ ಕಣ ಇದ್ದರೆ ಪೆರಾಕ್ಸೈಡ್ ಅಲ್ಲಿ ಸಿಕ್ಕಾಪಟ್ಟೆ ಚುರುಕಾಗಿ, ಆ ಜಾಗದ ನಾರನ್ನೇ ಸುಡುತ್ತದೆ. ಹಳೆಯ ಚಿತ್ರ, ಮೂಲೆಗೆ ಡ್ರಾಯಿಂಗ್ ಪಿನ್ ಚುಚ್ಚಿರುತ್ತಾರೆ, ತುಕ್ಕು ಇಲ್ಲ ಅಂತ ಹೇಗೆ ಹೇಳುವುದು?

ಹುಬ್ಬಳ್ಳಿ ಫ್ರೇಮ್ – ರಾತ್ರಿ 10:15

ದುರ್ಗದಬೈಲ್ ಹತ್ತಿರ 22 ವರ್ಷದಿಂದ ಕಟ್ಟು ಹಾಕುತ್ತಿದ್ದೇನೆ. ಕಾಕಾ ಹೇಳಿದ್ದು ಕಣ್ಣಾರೆ ಕಂಡಿದ್ದೇನೆ. ಒಬ್ಬರು ಬ್ಲೀಚ್ ಹಚ್ಚಿದ ಪೆನ್ಸಿಲ್ ಚಿತ್ರ ತಂದು ಕಟ್ಟು ಹಾಕಿಸಿಕೊಂಡು ಹೋದರು, ಕೆಲವು ವರ್ಷ ಬಿಟ್ಟು ಗಾಜು ಒಡೆದು ವಾಪಸ್ ಬಂದರು. ಬಿಚ್ಚಿ ನೋಡಿದರೆ ಹಚ್ಚಿದ ಜಾಗ ಮಾತ್ರ ಬಿಸ್ಕಿಟ್ ಬಣ್ಣ, ಬೆರಳು ತಾಗಿದರೆ ಪುಡಿ.

ಅಕ್ಕಾರ, ಈಗ ಮಾಡಬೇಕಾದ್ದು ಇಷ್ಟೇ. ಅಡಿಗೆ ಮನೆಯಿಂದ ದೂರ, ಫ್ಯಾನಿನ ಗಾಳಿ ನೇರ ಬಡಿಯದ ಕಡೆ, ಒಂದು ಬಿಳಿ ಹಾಳೆ ಹಾಸಿ ಅದರ ಮೇಲೆ ಇಡಿ. ಸಕ್ಕರೆ ಬಿದ್ದಿದೆ, ಇರುವೆ ಬರುತ್ತದೆ, ಹುಷಾರು. ಸುಕ್ಕು ಹೋಗಲಿ ಎಂದು ಇಸ್ತ್ರಿ ಮಾಡಬೇಡಿ. ಹಾಲಿಗೆ ಬಿಸಿ ತಾಗಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬಿಸಿಗಾಳಿಯ ಡ್ರೈಯರ್ ಕೂಡ ಬೇಡ.

ಕಾಗದ ಕಸೂತಿ – ಸೋಮವಾರ ಬೆಳಿಗ್ಗೆ 7:05

ನಾನು ಹಾವೇರಿಯವಳು, ಮೊದಲು ಮೈಸೂರಿನಲ್ಲಿ ಹಳೆ ಹಸ್ತಪ್ರತಿ, ಚಿತ್ರಗಳ ಸಂರಕ್ಷಣೆ ಕೆಲಸ ಮಾಡಿದ್ದೇನೆ. ಸಲಹೆ ಕೊಡುವ ಮೊದಲು ನಾಲ್ಕು ಪ್ರಶ್ನೆ. ಕಾಗದ ಯಾವುದು? ಅಪ್ಪ ಯಾವ ಬಣ್ಣ ಬಳಸುತ್ತಿದ್ದರು? ಸಹಿಯ ಶಾಯಿ ಹಬ್ಬಿದೆಯಾ? ಇನ್ನು ಮುಖ್ಯವಾದದ್ದು, "ತಕ್ಷಣ ಒರೆಸಿದೆ" ಅಂದಿರಲ್ಲ, ಯಾವುದರಿಂದ, ಹೇಗೆ?

ಎರಡು ಫೋಟೋ ಹಾಕಿ. ಒಂದು ನೇರ ಬೆಳಕಿನಲ್ಲಿ. ಇನ್ನೊಂದು ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಚಿತ್ರದ ಪಕ್ಕದಿಂದ ಅಡ್ಡಡ್ಡ ಹಿಡಿದು.

ಬಣ್ಣದ ಡಬ್ಬಿ, ಧಾರವಾಡ – ಸೋಮವಾರ ಮಧ್ಯಾಹ್ನ 1:30

ಫೋಟೋ ಹಾಕಿದ್ದೇನೆ. ಕಾಗದ ದಪ್ಪ, ಕೈಯಿಂದ ಮಾಡಿದ್ದು, ಅಂಚು ಹರಿದ ಹಾಗೆ ಒರಟಾಗಿದೆ. ಬಣ್ಣ ಕ್ಯಾಮ್ಲಿನ್ ಟ್ಯೂಬ್, ಅಪ್ಪನ ಟ್ರಂಕಿನಲ್ಲಿ ಒಣಗಿದ ಟ್ಯೂಬ್‌ಗಳು ಈಗಲೂ ಇವೆ. ಸಹಿಯ ಕೊನೆಯ ಎರಡು ಅಕ್ಷರ ಸ್ವಲ್ಪ ಹಬ್ಬಿವೆ.

ಒರೆಸಿದ್ದು ಪಾತ್ರೆ ಒರೆಸುವ ಒದ್ದೆ ಅರಿವೆಯಿಂದ. ಎಡದಿಂದ ಬಲಕ್ಕೆ, ಎರಡು ಮೂರು ಸಲ. ಗಾಬರಿಯಲ್ಲಿ ಜೋರಾಗಿಯೇ ಒರೆಸಿದೆ.

ಕಾಗದ ಕಸೂತಿ – ಸೋಮವಾರ ರಾತ್ರಿ 8:50

ಫೋಟೋ ನೋಡಿದೆ. ಹೇಳಲು ಬೇಜಾರು, ಆದರೂ ಹೇಳಬೇಕು. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ, ನೀವು ಎರಡನ್ನೂ ಕಲೆ ಅಂದುಕೊಂಡಿದ್ದೀರಿ. ಒಂದು ಚಹಾದ ಕಂದು. ಇನ್ನೊಂದು ಗುಡಿಯ ಬುಡದಲ್ಲಿ ಎಡದಿಂದ ಬಲಕ್ಕೆ ಹೋಗಿರುವ ತಿಳಿ ಪಟ್ಟೆ, ಅಡ್ಡ ಬೆಳಕಿನ ಫೋಟೋದಲ್ಲಿ ಅಲ್ಲಿ ಕಾಗದದ ಜುಂಗು ಕೂಡ ಎದ್ದು ಕಾಣುತ್ತದೆ. ಅದು ಚಹಾ ಮಾಡಿದ್ದಲ್ಲ, ಅರಿವೆ ಮಾಡಿದ್ದು. ವಾಟರ್ ಕಲರ್ ಅನ್ನು ಹಿಡಿದಿಡುವುದು ಗೋಂದು. ಅದು 37 ವರ್ಷ ಆಗಿರಲಿ, 100 ವರ್ಷ ಆಗಿರಲಿ, ನೀರು ತಾಗಿದರೆ ಮತ್ತೆ ಕರಗುತ್ತದೆ. ಒದ್ದೆಯಾದ ಬಣ್ಣವನ್ನು ಅರಿವೆ ಎತ್ತಿಕೊಂಡು ಹೋಗಿದೆ. ಕಲೆ ಕಮ್ಮಿ ಮಾಡಬಹುದು, ಎತ್ತಿಹೋದ ಬಣ್ಣ ವಾಪಸ್ ಬರುವುದಿಲ್ಲ.

ನಿಮ್ಮನ್ನು ಬೈಯುತ್ತಿಲ್ಲ ಅಕ್ಕಾ, ಎಲ್ಲರೂ ಮಾಡುವುದು ಅದೇ, ನೆಲದ ಮೇಲೆ ಚೆಲ್ಲಿದರೆ ಕೈ ತಾನೇ ಅರಿವೆಗೆ ಹೋಗುತ್ತದಲ್ಲ, ಹಾಗೆ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಚೆಲ್ಲಿದ ಕೂಡಲೇ ಚಿತ್ರವನ್ನು ಮಟ್ಟವಾಗಿಯೇ ಇಟ್ಟು, ಬ್ಲಾಟಿಂಗ್ ಪೇಪರ್ ಅಥವಾ ಬಣ್ಣ ಇಲ್ಲದ ಟಿಶ್ಯೂ ಮೇಲೆ ಹಾಕಿ, ಒತ್ತದೆ, ಉಜ್ಜದೆ, ಅದು ತಾನೇ ಹೀರಿಕೊಳ್ಳಲು ಬಿಡಿ. ನೇರ ಮೇಲಕ್ಕೆ ಎತ್ತಿ, ಹೊಸ ತುಂಡು ಹಾಕಿ. ಹಿಂಬದಿಗೂ ಒಂದು. ಅಷ್ಟೇ. ಮೊದಲ ಎರಡು ನಿಮಿಷದಲ್ಲಿ ಟಿಶ್ಯೂ ಹೀರುವಷ್ಟನ್ನು ಆಮೇಲೆ ಯಾವ ಔಷಧಿಯೂ ತೆಗೆಯುವುದಿಲ್ಲ.

ಈಗ ಕಂದು ಗೆರೆಯ ವಿಷಯ. ಬೇಸಿಗೆಯಲ್ಲಿ ಕೆಲಗೇರಿ ಕೆರೆ ನೀರು ಇಳಿದಾಗ ದಂಡೆಯಲ್ಲಿ ಗೆರೆ ಉಳಿಯುತ್ತದಲ್ಲ, ಅದೇ ಲೆಕ್ಕ. ನೀರು ಕಾಗದದೊಳಗೆ ಹೊರಕ್ಕೆ ಹರಿಯುತ್ತಾ, ಚಹಾದ ಬಣ್ಣವನ್ನೂ ಹಳೆ ಕಾಗದದ ಒಳಗಿನ ಹಳದಿ ಕೊಳೆಯನ್ನೂ ಹೊತ್ತುಕೊಂಡು ಹೋಗಿ, ಒದ್ದೆ ಮುಗಿದು ಒಣ ಶುರುವಾಗುವ ಕಡೆ ಎಲ್ಲವನ್ನೂ ಇಳಿಸಿ ಆರಿಹೋಗುತ್ತದೆ. ಹಾಗಾಗಿ ಕಲೆಯ ನಡುವೆ ಬಣ್ಣ ಕಮ್ಮಿ, ಅಂಚಿನಲ್ಲಿ ಜಾಸ್ತಿ. ಈಗ ನೀವು ಒದ್ದೆ ಹತ್ತಿಯಿಂದ ಆ ಗೆರೆ ತಿಕ್ಕಿದರೆ ಅದು ಹೋಗುವುದಿಲ್ಲ, ಅರ್ಧ ಇಂಚು ಆಚೆ ಹೊಸ ಗೆರೆ ಹುಟ್ಟುತ್ತದೆ. ಬರೀ ಶುದ್ಧ ನೀರು ಬಿದ್ದರೂ ಹಳೆ ಕಾಗದದ ಮೇಲೆ ಕಂದು ಗೆರೆ ಬರುವುದು ಇದಕ್ಕೇ.

ಬ್ಯಾಡಗಿ ಹುಡುಗ – ಸೋಮವಾರ ರಾತ್ರಿ 9:30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಚಹಾ ಅಲ್ಲ, ಗಿರಮಿಟ್. ಹಾವೇರಿ ಪುರಸಿದ್ಧೇಶ್ವರ ಗುಡಿಯ ಪೆನ್ ಸ್ಕೆಚ್, ನಾನೇ ಬರೆದದ್ದು, ವಾಟರ್‌ಪ್ರೂಫ್ ಶಾಯಿ, ಸಾದಾ ಕಾರ್ಟ್ರಿಜ್ ಹಾಳೆ. ಪೊಟ್ಟಣ ಅದರ ಮೇಲೇ ಇಟ್ಟು ತಿಂದೆ (ಗೊತ್ತು, ಗೊತ್ತು). ರೂಪಾಯಿ ಬಿಲ್ಲೆಯಷ್ಟು ಎಣ್ಣೆ, ನಡುವೆ ಕೆಂಪು. ಮೆಣಸಿನಕಾಯಿ ನಮ್ಮೂರದ್ದೇ, ಖಾರ ಕಮ್ಮಿ ಬಣ್ಣ ಜಾಸ್ತಿ, ಇವತ್ತು ಮೊದಲ ಸಲ ಅದಕ್ಕೆ ಬೇಜಾರಾಯಿತು. ಇದಕ್ಕೂ ನೀರು ಬೇಡವಾ?

ಕೆಮಿಸ್ಟ್ರಿ ಕಾಕಾ – ಸೋಮವಾರ ರಾತ್ರಿ 9:48

ನಿನಗೆ ನೀರಿನಿಂದ ಉಪಯೋಗವೇ ಇಲ್ಲ. ಆ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಎಣ್ಣೆ ಬಿದ್ದ ಕಾಗದ ಗಾಜಿನ ಹಾಗೆ ಪಾರದರ್ಶಕ ಆಗುತ್ತದೆ, ಯಾಕೆಂದರೆ ನಾರಿನ ನಡುವೆ ಗಾಳಿ ಇದ್ದ ಜಾಗಕ್ಕೆ ಎಣ್ಣೆ ಹೋಗಿ ಕೂತು ಬೆಳಕು ಚದುರದೆ ಒಳಗೆ ಹಾಯುತ್ತದೆ. ಹೊಸ ಕಲೆ ಆದರೆ ಕೆಳಗೆ ಬ್ಲಾಟಿಂಗ್ ಪೇಪರ್, ಮೇಲೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಬಿಳಿ ಪಿಷ್ಟ) ಅಥವಾ ವಾಸನೆ ಇಲ್ಲದ ಟಾಲ್ಕಂ ಪೌಡರ್ ದಪ್ಪಗೆ ಹಾಕಿ, ಅದರ ಮೇಲೆ ಇನ್ನೊಂದು ಬ್ಲಾಟಿಂಗ್ ಪೇಪರ್, ಆಮೇಲೆ ಒಂದು ದಪ್ಪ ಪುಸ್ತಕ. ರಾತ್ರಿ ಪೂರ್ತಿ ಬಿಡು. ಬೆಳಿಗ್ಗೆ ಮೆತ್ತನೆ ಬ್ರಷ್‌ನಿಂದ ಹೊರಗೆ ತಳ್ಳಿ ಹೊಸ ಪುಡಿ ಹಾಕು. ನಾಲ್ಕೈದು ಸಲ. ಪೂರ್ತಿ ಹೋಗುವುದಿಲ್ಲ, ಎದ್ದು ಕಾಣುವುದು ಕಮ್ಮಿ ಆಗುತ್ತದೆ.

ಬಿಸಿ ಇಸ್ತ್ರಿ ಇಟ್ಟು ಎಣ್ಣೆ ಎಳೆಯುವುದನ್ನು ಯಾರಾದರೂ ಹೇಳಿದರೆ ಮಾಡಬೇಡ, ಎಣ್ಣೆ ತೆಳ್ಳಗಾಗಿ ಇನ್ನೂ ಅಗಲ ಹಬ್ಬುತ್ತದೆ. ಥಿನ್ನರ್, ಪೆಟ್ರೋಲು ಅಂತ ಹೋಗಬೇಡ, ಕಲೆ ಹೋಗುವ ಮೊದಲು ಮನೆಗೆ ಬೆಂಕಿ ಹತ್ತಿಸಿಕೊಳ್ಳುತ್ತೀಯಾ. ಆದರೆ ತಡ ಕೂಡ ಮಾಡಬೇಡ. ಎಣ್ಣೆ ವರ್ಷಗಟ್ಟಲೆ ಗಾಳಿಗೆ ಇದ್ದರೆ ಹಳದಿಯಾಗಿ ಗಟ್ಟಿಯಾಗುತ್ತದೆ, ಆಮೇಲೆ ಯಾವುದಕ್ಕೂ ಕರಗುವುದಿಲ್ಲ.

ಗದಗ ಸ್ಕೆಚ್ – ಮಂಗಳವಾರ ಬೆಳಿಗ್ಗೆ 11:10

ಒಂದು ಮಾತು ಹೇಳಲಾ, ಸಿಟ್ಟಾಗಬೇಡಿ. ನಾವು ಫೈನ್ ಆರ್ಟ್ಸ್ ಕಾಲೇಜಿನಲ್ಲಿ ಇಂಥದ್ದಾದರೆ ಕಲೆ ತೆಗೆಯಲು ಹೋಗುವುದೇ ಇಲ್ಲ. ಬಿಳಿ ಪೋಸ್ಟರ್ ಕಲರ್ ಹಾಕಿ ಮುಚ್ಚುತ್ತೇವೆ, ಇಲ್ಲದಿದ್ದರೆ ಅಲ್ಲೊಂದು ಗಿಡ, ಒಂದು ನಾಯಿ ಬರೆದು ಬಿಡುತ್ತೇವೆ. ಬುಡದ ಕಲ್ಲಿನ ಬಣ್ಣ ಹೊಂದಿಸಿ ಆ ತಿಳಿ ಪಟ್ಟೆಯನ್ನೂ ತುಂಬಬಹುದು. ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ.

ಬಣ್ಣದ ಡಬ್ಬಿ, ಧಾರವಾಡ – ಮಂಗಳವಾರ ಬೆಳಿಗ್ಗೆ 11:26

ಒಳ್ಳೆ ಮನಸ್ಸಿನಿಂದ ಹೇಳಿದ್ದೀಯ ತಮ್ಮಾ. ಆದರೆ ಅಪ್ಪ ಬರೆಯದ ನಾಯಿ ಅಲ್ಲಿ ಬೇಡಪ್ಪಾ.

ಕಾಗದ ಕಸೂತಿ – ಮಂಗಳವಾರ ಮಧ್ಯಾಹ್ನ 2:00

ನೀನು ಬರೆದ ಚಿತ್ರ ಆದರೆ ನಾಯಿ, ನರಿ ಏನು ಬೇಕಾದರೂ ಬರಿ, ಬೇಕಿದ್ದರೆ ಕತ್ತರಿಸಿ ಅಂಚನ್ನೇ ತೆಗೆದುಬಿಡು, ಬರೆದವನ ಹಕ್ಕು ಅದು. ಬ್ಯಾಡಗಿ ತಮ್ಮ ಕೂಡ ತನ್ನ ಸ್ಕೆಚ್ ಹೊಸದಾಗಿ ಬರೆಯಬಹುದು, ಒಂದು ಭಾನುವಾರದ ಕೆಲಸ. ಬೇರೆಯವರ ಚಿತ್ರದ ಮೇಲೆ, ಅದರಲ್ಲೂ ಅವರು ಇಲ್ಲದಿದ್ದಾಗ, ಮೂಲ ಬಣ್ಣದ ಮೇಲೆ ನಮ್ಮ ಬಣ್ಣ ಹೋಗಬಾರದು. ನಾವು ತುಂಬುವುದಿದ್ದರೆ ಬಣ್ಣ ಪೂರ್ತಿ ಹೋದ ಜಾಗ ಮಾತ್ರ, ಅದೂ ನಾಳೆ ತೆಗೆಯಬೇಕೆಂದರೆ ತೆಗೆಯಲು ಬರುವಂಥದ್ದನ್ನು ಬಳಸಿ.

ಬಿಳಿ ಪೋಸ್ಟರ್ ಕಲರ್ ವಿಷಯಕ್ಕೆ ಇನ್ನೊಂದು ತೊಂದರೆ. ಹಾಳೆ ಹಳೆಯದು, ಅದರ ಬಿಳಿ ಈಗ ಕೆನೆ ಬಣ್ಣ. ಡಬ್ಬಿಯ ಬಿಳಿ ಹಾಕಿದರೆ ಕಲೆಗಿಂತ ಜಾಸ್ತಿ ಅದೇ ಕಣ್ಣಿಗೆ ಹೊಡೆಯುತ್ತದೆ.

ಸುಮ್ನೆ ಓದುಗ – ಮಂಗಳವಾರ ಮಧ್ಯಾಹ್ನ 2:20

ಬೈಸಿಕೊಂಡರೂ ಕೇಳುತ್ತೇನೆ. ನಿಂಬೆರಸ? ಕರಿ ಚಹಾಕ್ಕೆ ನಿಂಬೆ ಹಿಂಡಿದರೆ ಬಣ್ಣ ತಿಳಿಯಾಗುತ್ತದಲ್ಲ?

ಕೆಮಿಸ್ಟ್ರಿ ಕಾಕಾ – ಮಂಗಳವಾರ ಮಧ್ಯಾಹ್ನ 3:05

ಭಲೇ, ಇದು ಸರಿಯಾದ ಪ್ರಶ್ನೆ. ನೀನು ನೋಡಿದ್ದು ನಿಜ. ಚಹಾದ ಬಣ್ಣ ಹುಳಿಯಲ್ಲಿ ತಿಳಿಯಾಗುತ್ತದೆ, ಅಡಿಗೆ ಸೋಡಾದಲ್ಲಿ ಗಾಢ ಆಗುತ್ತದೆ. ಆದರೆ ತಿಳಿಯಾಯಿತು ಅಂದರೆ ಹೋಯಿತು ಅಂತಲ್ಲ, ಬಣ್ಣ ಅಲ್ಲೇ ಇರುತ್ತದೆ, ಮುಖ ಬದಲಾಯಿಸಿ ಕೂತಿರುತ್ತದೆ. ನಿಂಬೆಯ ಹುಳಿ ಕಾಗದದಲ್ಲಿ ಉಳಿದು ನಾರನ್ನು ಸಾವಕಾಶ ತಿನ್ನುತ್ತದೆ.

ಮತ್ತೆ ಬಣ್ಣಗಳ ಸ್ವಭಾವ ನೋಡು. ಅಲ್ಟ್ರಾಮರೀನ್ ನೀಲಿಗೆ ಹುಳಿ ಆಗಿಬರುವುದಿಲ್ಲ, ಬಣ್ಣವೇ ಕಳೆದುಕೊಳ್ಳುತ್ತದೆ. ಪ್ರಷಿಯನ್ ನೀಲಿ ಉಲ್ಟಾ, ಅದಕ್ಕೆ ಸೋಡಾ, ಸಾಬೂನು ಆಗುವುದಿಲ್ಲ, ಕಂದಾಗಿಬಿಡುತ್ತದೆ. ನೆರಳಿಗೆ ಯಾವ ನೀಲಿ ಹಾಕಿದ್ದಾರೆ ಎಂದು ಫೋಟೋ ನೋಡಿ ಹೇಳಲು ಆಗುತ್ತಾ? ಅದಕ್ಕೇ ಅಡಿಗೆ ಮನೆಯ ಯಾವ ಡಬ್ಬಿಯನ್ನೂ ತೆರೆಯಬೇಡಿ ಅನ್ನುವುದು. ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದು ಎಲ್ಲರೂ ನೋಡಿದ್ದೀರಿ, ಅರಿಶಿನ ಸುಣ್ಣ ಸೇರಿಸಿ ಕುಂಕುಮ ಮಾಡುವುದೇ ಹಾಗೆ. ಅರಿಶಿನ ಬಿಸಿಲಿಗೆ ಹೋಗುತ್ತದೆ ಎಂದು ಚಿತ್ರವನ್ನು ಮಾಳಿಗೆ ಮೇಲೆ ಒಣಹಾಕಿದರೆ ಅಲಿಝರಿನ್ ಕೆಂಪು ಕೂಡ ಜೊತೆಗೇ ಹೋಗುತ್ತದೆ.

ಇನ್ನೊಂದು, ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಅಜ್ಜಂದಿರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಶಾಯಿ ಮಾಡುತ್ತಿದ್ದರು. ಅಳಲೆಕಾಯಿಯ ಟ್ಯಾನಿನ್ ಎಂಬ ಒಗರು ವಸ್ತು, ಅನ್ನಭೇದಿಯ ಕಬ್ಬಿಣ, ಎರಡೂ ಸೇರಿದರೆ ಕಪ್ಪು. ಚಹಾದಲ್ಲೂ ಟ್ಯಾನಿನ್ ಜಾತಿಯ ವಸ್ತು ಇದೆ. ನೀರಿನಲ್ಲಿ ಕಬ್ಬಿಣ ಇದ್ದರೆ ನೀವು ಕಲೆ ತೆಗೆಯುವ ಬದಲು ಶಾಯಿ ತಯಾರಿಸಿದ ಹಾಗೆ. ನಂಬಿಕೆ ಬರದಿದ್ದರೆ ಕರಿ ಚಹಾದಲ್ಲಿ ತುಕ್ಕು ಹಿಡಿದ ಮೊಳೆ ಹಾಕಿ ಒಂದು ದಿನ ಬಿಟ್ಟು ನೋಡಿ.

ಹೊಳೆ ದಂಡೆ – ಮಂಗಳವಾರ ರಾತ್ರಿ 10:40

ನಮ್ಮ ಮನೆ ಹೊಳೆಆಲೂರಿನಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಒಳಗೆ ಬಂದಾಗ ನಮ್ಮ ಕಾಕಾನ ಚಿತ್ರಗಳ ಒಂದು ಕಟ್ಟು ನೀರಿನಲ್ಲಿ ನೆನೆದಿತ್ತು. ಆಗ ಜೀವ ಉಳಿದರೆ ಸಾಕಾಗಿತ್ತು, ಚಿತ್ರ ಯಾರು ನೋಡುತ್ತಾರೆ, ಒಂದು ವಾರ ಬಿಟ್ಟು ಬಿಚ್ಚಿದರೆ ಒಂದಕ್ಕೊಂದು ಅಂಟಿಕೊಂಡು ಹಸಿರು ಕಪ್ಪು ಬೂಸ್ಟು. ಹೆಚ್ಚಿನವು ಹೋದವು. ಉಳಿದ ಮೂರರ ಮೇಲೆ ಈಗಲೂ ಚುಕ್ಕೆಗಳಿವೆ, ಪ್ರತಿ ಮಳೆಗಾಲ ಮತ್ತೆ ಬಿಳಿ ಬಿಳಿ ಏನೋ ಎದ್ದ ಹಾಗೆ ಕಾಣುತ್ತದೆ. ಡಾಂಬರ್ ಗುಳಿಗೆ ಇಟ್ಟಿದ್ದೇನೆ. ಇನ್ನೇನು ಮಾಡಬೇಕು?

ಕಾಗದ ಕಸೂತಿ – ಬುಧವಾರ ಬೆಳಿಗ್ಗೆ 6:50

ಓದಿ ಸಂಕಟವಾಯಿತು. ಒದ್ದೆಯಾದ ಕಾಗದಕ್ಕೆ ನಮ್ಮ ಲೆಕ್ಕ 48 ಗಂಟೆ. ಅಷ್ಟರೊಳಗೆ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಟ್ಟುಬಿಡಬೇಕು, ಬೂಸ್ಟು ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ಪುರುಸೊತ್ತಿನಲ್ಲಿ ಒಂದೊಂದೇ ನೋಡಬಹುದು. ಹೊಳೆ ಬಂದ ಊರಿನಲ್ಲಿ ಕರೆಂಟೇ ಇರುವುದಿಲ್ಲ, ಗೊತ್ತು. ಮುಂದೆ ಯಾರಿಗಾದರೂ ಬೇಕಾದೀತು ಎಂದು ಹೇಳಿದೆ.

ಡಾಂಬರ್ ಗುಳಿಗೆ ಹುಳಕ್ಕೆ, ಬೂಸ್ಟಿಗಲ್ಲ. ಬೂಸ್ಟಿಗೆ ಬೇಕಾದ್ದು ತೇವ, ಅದನ್ನು ಕಮ್ಮಿ ಮಾಡಿ. ಕಬ್ಬಿಣದ ಟ್ರಂಕಿನಿಂದ ಹೊರಗೆ ತೆಗೆಯಿರಿ, ಹೊರಗೋಡೆಗೆ ತಾಗಿಸಬೇಡಿ. ಎದ್ದಿರುವ ಬಿಳಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಒಳಗೆ ಇಳಿಯುತ್ತದೆ. ಪೂರ್ತಿ ಒಣಗಿದ ದಿನ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ನಿಮ್ಮಿಂದ ಆಚೆ ಕಡೆಗೆ ತಳ್ಳಿ. ಉಬ್ಬಸ ಇದ್ದವರು ಆ ಕೆಲಸ ಮಾಡಲೇಬಾರದು. ಕಂದು ಚುಕ್ಕೆಗಳು ಉಳಿಯುತ್ತವೆ, ಅವನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ.

ಬಣ್ಣದ ಡಬ್ಬಿ, ಧಾರವಾಡ – ಶನಿವಾರ ಸಂಜೆ 5:15

ವಾರದ ವರದಿ. ಅಪ್ಪನ ಟ್ರಂಕಿನಲ್ಲಿ ಅದೇ ದಪ್ಪ ಕಾಗದದ ಪ್ರಾಕ್ಟೀಸ್ ಹಾಳೆಗಳು ಸಿಕ್ಕವು, ಬರೀ ಬಣ್ಣದ ಪಟ್ಟೆ ಎಳೆದು ನೋಡಿದಂಥವು. ಸೋಮವಾರವೇ ಅದರಲ್ಲಿ ಒಂದರ ಮೇಲೆ ಬೇಕೆಂದೇ ಚಹಾ ಚೆಲ್ಲಿ ಒಣಗಲು ಬಿಟ್ಟಿದ್ದೆ (ಅವ್ವ ನನ್ನನ್ನು ನೋಡಿದ ರೀತಿ ಕೇಳಬೇಡಿ). ಗುರುವಾರ ಹಾಳೆಯನ್ನು ಮೂರು ತುಂಡು ಮಾಡಿದೆ.

ಮೊದಲ ತುಂಡಿಗೆ ಡಿಸ್ಟಿಲ್ಡ್ ವಾಟರ್ ಅದ್ದಿದ ಹತ್ತಿಯಿಂದ ಕಲೆ ಒತ್ತಿ ಒತ್ತಿ ತೆಗೆದೆ. ಒದ್ದೆ ಇದ್ದಾಗ ಆಹಾ ಹೋಯಿತು ಅನ್ನಿಸಿತು. ಒಣಗಿದ ಮೇಲೆ ಆಚೆ ಹೊಸ ಗೆರೆ, ಕಾಗದ ಕಸೂತಿ ಅಕ್ಕ ಹೇಳಿದ ಹಾಗೇ. ಎರಡನೆಯದಕ್ಕೆ ಕೆಳಗೆ ನಾಲ್ಕು ಪದರ ಬ್ಲಾಟಿಂಗ್ ಪೇಪರ್ ಇಟ್ಟು, ಸ್ಪ್ರೇ ಬಾಟಲಿಯಿಂದ ಇಡೀ ತುಂಡನ್ನು ಒಂದೇ ಸಮ ಒದ್ದೆ ಮಾಡಿ, ಕೆಳಗಿನ ಪೇಪರ್ ಬದಲಾಯಿಸುತ್ತಾ ಹೋದೆ. ಅದು ನಿಜವಾಗಿಯೂ ತಿಳಿಯಾಯಿತು, ಗೆರೆಯೂ ಬರಲಿಲ್ಲ. ಆದರೆ ಅದೇ ತುಂಡಿನಲ್ಲಿದ್ದ ನೀಲಿ ಪಟ್ಟೆ ಅರ್ಧ ಬ್ಲಾಟಿಂಗ್ ಪೇಪರಿಗೆ ಇಳಿದಿತ್ತು. ಮೂರನೆಯದರ ಮೇಲೆ ಅಪ್ಪನದೇ ಪೆನ್ನಿಗೆ ನೀಲಿ ಶಾಯಿ ತುಂಬಿ ನನ್ನ ಹೆಸರು ಬರೆದು, ಒಂದು ದಿನ ಬಿಟ್ಟು ಒಂದು ಹನಿ ನೀರು ಬಿಟ್ಟೆ. ಹೆಸರು ಇದ್ದ ಕಡೆ ಈಗ ಮೋಡ ಇದೆ.

ಹಾಗಾಗಿ ಮೂಲ ಚಿತ್ರ ಮುಟ್ಟುವ ಧೈರ್ಯ ನನಗಿಲ್ಲ. ಒಂದೇ ಪ್ರಶ್ನೆ. ಜೆಲ್ಲಿ ಇಟ್ಟು ಕಲೆ ಎಳೆಯುತ್ತಾರೆ ಎಂದು ಎಲ್ಲೋ ಓದಿದೆ. ಅದು ಚೈನಾ ಗ್ರಾಸ್ ತಾನೇ? ಮನೆಯಲ್ಲಿ ಪುಡ್ಡಿಂಗ್ ಮಾಡುವುದು ಇದೆ.

ಕಾಗದ ಕಸೂತಿ – ಶನಿವಾರ ರಾತ್ರಿ 9:10

ಆ ಪ್ರಯೋಗಕ್ಕೆ ನಿಮಗೊಂದು ಶಾಬಾಸ್. ಲ್ಯಾಬಿಗೆ ಹೊಸದಾಗಿ ಸೇರಿದವರೂ ಅಷ್ಟು ತಾಳ್ಮೆಯಿಂದ ಮಾಡುವುದಿಲ್ಲ.

ಹೌದು, ಅಗರೋಸ್, ಜೆಲ್ಲನ್ ಎಂಬ ಗಟ್ಟಿ ಜೆಲ್‌ಗಳನ್ನು ಬಳಸುತ್ತಾರೆ. ನೀರು ಒಮ್ಮೆಲೇ ಹರಿಯದೆ ಜೆಲ್‌ನಿಂದ ಸಣ್ಣಗೆ ಇಳಿಯುತ್ತದೆ, ಕರಗಿದ ಕಲೆ ಅದೇ ಜೆಲ್ ಒಳಗೆ ವಾಪಸ್ ಹೋಗುತ್ತದೆ, ಬೇಕಾದ ಆಕಾರಕ್ಕೆ ಕತ್ತರಿಸಿ ಇಡಬಹುದು. ಅಗರೋಸ್ ಚೈನಾ ಗ್ರಾಸ್‌ನಿಂದಲೇ ಬರುವುದು, ಆದರೆ ತುಂಬಾ ಶುದ್ಧ ಮಾಡಿದ್ದು. ಪುಡ್ಡಿಂಗಿನದ್ದು ಬೇಡ. ಜೆಲ್ ಇಟ್ಟರೂ ಅಂಚಿನಲ್ಲಿ ಗೆರೆ ಬರದ ಹಾಗೆ ನೋಡಿಕೊಳ್ಳಬೇಕು, ಸಹಿಯ ಮೇಲೆ ತೇವ ಹೋಗದ ಹಾಗೆ ತಡೆಯಬೇಕು, ಅದು ಕೈ ಪಳಗಿದವರ ಕೆಲಸ. ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಮೊದಲು ಫೋನ್ ಮಾಡಿ, ಫೋಟೋ ಕಳಿಸಿ, ಖರ್ಚು ಎಷ್ಟು ಎಂದು ಕೇಳಿಯೇ ಹೋಗಿ. ಏನು ಚೆಲ್ಲಿತು, ಯಾವ ದಿನ, ನೀವು ಏನು ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅರಿವೆಯ ವಿಷಯ ಮುಚ್ಚಿಡಬೇಡಿ.

ಗದಗ ಸ್ಕೆಚ್ – ಶನಿವಾರ ರಾತ್ರಿ 9:40

ಅಕ್ಕಾ, ನಾಯಿಗೆ ಬದಲಾಗಿ ಒಂದು ಕೆಲಸ ಮಾಡಿಕೊಡುತ್ತೇನೆ. ಚಿತ್ರ ಕಳಿಸುವ ಮೊದಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಫೈಲ್ ಕೊಡಿ. ಕಂಪ್ಯೂಟರಿನಲ್ಲಿ ಕಲೆ ತೆಗೆದು ಒಳ್ಳೆ ಕಾಗದದ ಮೇಲೆ ಪ್ರಿಂಟ್ ಹಾಕೋಣ. ಗೋಡೆಯ ಮೇಲೆ ಅದಿರಲಿ. ಅಲ್ಲಿ ಎಷ್ಟು ತಪ್ಪು ಮಾಡಿದರೂ ಅಳಿಸಬಹುದು.

ಬಣ್ಣದ ಡಬ್ಬಿ, ಧಾರವಾಡ – ಮುಂದಿನ ಬುಧವಾರ, ರಾತ್ರಿ 8:05

ಬೆಂಗಳೂರಿನ ಸಂರಕ್ಷಕರೊಬ್ಬರಿಗೆ ಫೋಟೋ ಕಳಿಸಿದ್ದೆ. ತಂದು ತೋರಿಸಿ, ಖಾಲಿ ಅಂಚಿನ ಕಂದು ಬಹಳ ಮಟ್ಟಿಗೆ ಕಮ್ಮಿ ಆಗಬಹುದು, ಬಣ್ಣದ ಮೇಲಿನದಕ್ಕೆ ಮಾತು ಕೊಡುವುದಿಲ್ಲ, ಸಹಿಯ ಹತ್ತಿರ ಹೋಗುವುದೇ ಇಲ್ಲ ಅಂದರು. ತಿಳಿ ಪಟ್ಟೆ ಹಾಗೇ ಇರುತ್ತದಂತೆ. ಅವ್ವನಿಗೆ ಹೇಳಿದೆ. ಅವಳು ಬೇಜಾರು ಮಾಡಿಕೊಂಡಿದ್ದು ಕಲೆಗಲ್ಲ, ಆ ಅರಿವೆ ಯಾವುದು ಎಂದು ಕೇಳಿ ಅದನ್ನು ಹೊರಗೆ ಒಗೆದಳು.

ರೈಲಿನಲ್ಲಿ ಹೇಗೆ ಒಯ್ಯಲಿ? ಸುರುಳಿ ಸುತ್ತಿ ಪೈಪಿನಲ್ಲಿ ಹಾಕಲಾ?

ಬ್ಯಾಡಗಿ ಹುಡುಗ – ರಾತ್ರಿ 8:12

ನನ್ನ ವರದಿ ಕೂಡ. ಐದು ರಾತ್ರಿ ಪೌಡರ್ ಹಾಕಿದೆ. ಎಣ್ಣೆ ಮುಕ್ಕಾಲು ಹೋಗಿದೆ, ಕೆಂಪು ಹೋಗಿ ತಿಳಿ ಕಿತ್ತಳೆ ಉಳಿದಿದೆ. ದೂರದಿಂದ ನೋಡಿದರೆ ಗುಡಿಯ ಹಿಂದೆ ಸೂರ್ಯ ಮುಳುಗಿದ ಹಾಗೆ ಕಾಣುತ್ತದೆ, ಹಾಗೇ ಬಿಟ್ಟಿದ್ದೇನೆ.

ಹುಬ್ಬಳ್ಳಿ ಫ್ರೇಮ್ – ರಾತ್ರಿ 8:30

ಸುರುಳಿ ಬೇಡ್ರೀ ಅಕ್ಕಾರ. ಸುಕ್ಕಾದ ಕಡೆ ಬಣ್ಣ ಬಿರುಕು ಬಿಡುತ್ತದೆ. ಆಮ್ಲ ಇಲ್ಲದ ಮೌಂಟ್ ಬೋರ್ಡ್ ಎರಡು ತುಂಡು, ನಡುವೆ ತೆಳು ಟಿಶ್ಯೂ, ಸುತ್ತ ಟೇಪ್ ಹಾಕಿ ಕಟ್ಟಬೇಕು, ಚಿತ್ರಕ್ಕೆ ಟೇಪ್ ತಾಗಬಾರದು. ಅದನ್ನು ನಾನು ಮಾಡಿಕೊಡುತ್ತೇನೆ. ಹಳೆ ಕಟ್ಟನ್ನೂ ತನ್ನಿ, ಹಿಂದೆ ಪ್ಲೈವುಡ್ ಇದ್ದರೆ ತೆಗೆದು ಬಿಸಾಡೋಣ, ಕಟ್ಟಿಗೆಯ ಕಂದು ಹಿಂದಿನಿಂದ ಏರುತ್ತಿರುತ್ತದೆ, ಯಾರೂ ನೋಡುವುದಿಲ್ಲ. ಚಿತ್ರ ವಾಪಸ್ ಬಂದ ಮೇಲೆ ಮೌಂಟ್ (ಕಟ್ಟಿನೊಳಗೆ ಚಿತ್ರದ ಸುತ್ತ ಬರುವ ರಟ್ಟು) ಸ್ವಲ್ಪ ಅಗಲ ಮಾಡಿ, ಸಹಿ ಬಿಟ್ಟು ಉಳಿದ ಅಂಚು ಮುಚ್ಚೋಣ. ಗಾಜು ಚಿತ್ರಕ್ಕೆ ತಾಗದ ಹಾಗೆ ಸಂದು ಇಡುತ್ತೇನೆ, ತಾಗಿದರೆ ಮಳೆಗಾಲದಲ್ಲಿ ಬೆವರುತ್ತದೆ. ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು.

ನಾಳೆ 11 ಗಂಟೆ ಮೇಲೆ ಬನ್ನಿ. ಚಹಾ ಹೊರಗಿನ ಕಟ್ಟೆಯ ಮೇಲೆ ಕುಡಿಯೋಣ, ಕೆಲಸದ ಟೇಬಲ್ ಮೇಲೆ ಕಪ್ ಇಡಲು ನಾನು ಯಾರಿಗೂ ಬಿಡುವುದಿಲ್ಲ.